ಟೆಂಪ್ಲೇಟ್ ತೆರೆಯುವ ಮೊದಲು ಮಾಹಿತಿ ಒಡೆದಿಡಿ: ಪ್ರಾಜೆಕ್ಟ್ ವರದಿ ವಾಪಸ್ ಬರುತ್ತಿದೆ ಅಂದವರಿಗೆ ಉತ್ತರ

ಪ್ರಶ್ನೆ: ನಾನು ಒಂದು ಸಣ್ಣ ಸಂಸ್ಥೆಯಲ್ಲಿ ಪ್ರಾಜೆಕ್ಟ್ ಕೋಆರ್ಡಿನೇಟರ್. ನಮ್ಮದು ಕಂಪ್ಯೂಟರ್ ತರಬೇತಿ ಕೊಡುವ ಪ್ರಾಜೆಕ್ಟ್. ಹಣ ಕೊಡುವವರು ವರದಿಗೆ ಒಂದು ಟೆಂಪ್ಲೇಟ್ ಕಳಿಸಿದ್ದಾರೆ, 14 ವಿಭಾಗಗಳಿವೆ, ಪ್ರತಿಯೊಂದಕ್ಕೂ ಪದಮಿತಿ. ನಮ್ಮ ಹತ್ತಿರ ಮಾಹಿತಿ ಬೇಕಾದಷ್ಟಿದೆ: ಫೀಲ್ಡ್ ನೋಟ್ಸ್, ಹಾಜರಿ ಪಟ್ಟಿ, ಫೋಟೊ, ವಾಟ್ಸಾಪ್ ಮೆಸೇಜ್. ಆದರೆ ತುಂಬಲು ಕೂತರೆ ಒಂದೇ ವಿಷಯ ನಾಲ್ಕು ಕಡೆ ಬರುತ್ತದೆ, ಕೆಲವು ವಿಭಾಗಕ್ಕೆ ಬರೆಯಲು ಏನೂ ಇರುವುದಿಲ್ಲ. ಹೋದ ಸಲ ‘ಔಟ್‌ಕಮ್ (ಕೆಲಸದಿಂದ ಆದ ಬದಲಾವಣೆ) ಜಾಗದಲ್ಲಿ ಚಟುವಟಿಕೆ ಬರೆದಿದ್ದೀರಿ, ಅಂಕಿಗಳು ತಾಳೆಯಾಗುತ್ತಿಲ್ಲ’ ಅಂತ ವಾಪಸ್ ಬಂತು. ಖಾಲಿ ವಿಭಾಗ ತೆಗೆದುಹಾಕಬಹುದಾ? ಗುರಿ ಮುಟ್ಟದ್ದನ್ನು ಬರೆದರೆ ಮುಂದಿನ ಕಂತು ನಿಲ್ಲಬಹುದು ಅಂತ ಭಯ. ಇದೇ ಕೆಲಸಕ್ಕೆ ಇನ್ನೊಬ್ಬ ದಾನಿಯ ಟೆಂಪ್ಲೇಟ್ ಬೇರೆ ಇದೆ, ಎರಡನ್ನೂ ಬೇರೆ ಬೇರೆ ಬರೆಯಬೇಕಾ? ಎಐ ಟೂಲ್‌ಗೆ ಕೊಟ್ಟು ತುಂಬಿಸಿದರೆ ಹೇಗೆ?

ಉತ್ತರ: ನೀವು ಕೇಳಿರುವುದು ನಾಲ್ಕೈದು ಪ್ರಶ್ನೆ, ಆದರೆ ಎಲ್ಲದರ ಬೇರು ಒಂದೇ. ನೀವು ಟೆಂಪ್ಲೇಟ್ ತೆರೆದು, ಮೊದಲ ಖಾನೆಯಿಂದಲೇ ಬರೆಯಲು ಶುರು ಮಾಡುತ್ತಿದ್ದೀರಿ. ಆಗ ತಲೆಯಲ್ಲಿರುವ ಇಡೀ ಕಥೆ ಮೊದಲ ಖಾನೆಗೇ ಬಂದುಬಿಡುತ್ತದೆ. ಎರಡನೇ ಖಾನೆಗೆ ಅದೇ ಕಥೆ ಸ್ವಲ್ಪ ತಿರುಗಿಸಿ, ಮೂರನೆಯದಕ್ಕೆ ಇನ್ನೂ ಸ್ವಲ್ಪ ತಿರುಗಿಸಿ. ಏಳನೇ ವಿಭಾಗಕ್ಕೆ ಬರುವಷ್ಟರಲ್ಲಿ ಸುಸ್ತು, ಅಲ್ವಾ? ವರದಿ ಬರೆಯುವ ಕಡೆಯೂ, ಬಂದ ವರದಿಗಳನ್ನು ಓದುವ ಕಡೆಯೂ ನಾನು ಸಾಕಷ್ಟು ಕಾಲ ಕೂತಿದ್ದೇನೆ. ವಾಪಸ್ ಹೋಗುವ ವರದಿಗಳಲ್ಲಿ ಜಾಸ್ತಿ ಪಾಲು ಕೆಲಸ ಚೆನ್ನಾಗಿ ಆದವೇ ಆಗಿರುತ್ತವೆ. ಆದ ಕೆಲಸ ಯಾವ ಖಾನೆಯಲ್ಲಿದೆ ಅಂತ ಓದುವವರಿಗೆ ಸಿಕ್ಕಿರುವುದಿಲ್ಲ, ಅಷ್ಟೇ.

ಓದುವವರ ಕಡೆ ಏನಾಗುತ್ತದೆ ಅನ್ನುವುದನ್ನು ಮೊದಲು ಹೇಳಿಬಿಡುತ್ತೇನೆ. ನಿಮಗೆ ಇದು ನಿಮ್ಮ ವರದಿ. ಅವರ ಮೇಜಿನ ಮೇಲೆ ಇದು ಹತ್ತಾರು ವರದಿಗಳಲ್ಲಿ ಒಂದು. ಮೊದಲಿಂದ ಕೊನೆಯವರೆಗೆ ಯಾರೂ ಓದುವುದಿಲ್ಲ. ಲೆಕ್ಕ ನೋಡುವವರು ನೇರವಾಗಿ ಬಜೆಟ್ ಕೋಷ್ಟಕಕ್ಕೆ ಹೋಗುತ್ತಾರೆ. ಮೇಲಧಿಕಾರಿ ಸಾರಾಂಶ ಓದಿ ನಿಲ್ಲಿಸುತ್ತಾರೆ. ಕಾರ್ಯಕ್ರಮ ನೋಡಿಕೊಳ್ಳುವವರು ಎಲ್ಲಾ ವರದಿಗಳ ಔಟ್‌ಕಮ್ ವಿಭಾಗವನ್ನು ಮಾತ್ರ ಒಂದರ ಪಕ್ಕ ಒಂದು ಇಟ್ಟುಕೊಂಡು ಹೋಲಿಸುತ್ತಾರೆ. ಆಡಿಟ್‌ನವರಿಗೆ ಬೇಕಿರುವುದು ಅನುಬಂಧ. ಹಾಗಾಗಿ ಪ್ರತಿ ಖಾನೆಯೂ ಒಂಟಿಯಾಗಿ ಓದಿದರೂ ಅರ್ಥವಾಗಬೇಕು. ‘ಮೇಲೆ ಹೇಳಿದಂತೆ’ ಅಂತ ಬರೆದರೆ, ಆ ಮೇಲಿನದನ್ನು ಅವರು ಓದಿಯೇ ಇರುವುದಿಲ್ಲ.

ಈಗ ಔಟ್‌ಕಮ್ ಗೊಂದಲ. ಇದು ನಿಮಗೊಬ್ಬರಿಗೇ ಅಲ್ಲ. ಈ ರೀತಿಯ ಟೆಂಪ್ಲೇಟ್‌ಗಳು ಬಹಳಷ್ಟು ಲಾಜಿಕಲ್ ಫ್ರೇಮ್‌ವರ್ಕ್ ಅನ್ನುವ ಕೋಷ್ಟಕದ ಸಂತಾನ. 1969ರಲ್ಲಿ ಅಮೆರಿಕ ಸರ್ಕಾರದ ನೆರವು ಸಂಸ್ಥೆ ಯುಎಸ್‌ಎಐಡಿಗಾಗಿ ಅದನ್ನು ರೂಪಿಸಿದರು. ಆಗ ಅವರಿಗೆ ಇದ್ದ ತಲೆನೋವು ನಿಮ್ಮ ದಾನಿಗೆ ಈಗ ಇರುವುದೇ: ಪ್ರಾಜೆಕ್ಟ್ ಏನು ಮಾಡಿತು ಅನ್ನುವುದು ಗೊತ್ತಾಗುತ್ತಿತ್ತು, ಅದರಿಂದ ಏನು ಬದಲಾಯಿತು ಅನ್ನುವುದು ಗೊತ್ತಾಗುತ್ತಿರಲಿಲ್ಲ. ಅದಕ್ಕೆ 4 ಸಾಲು, 4 ಕಂಬದ ಕೋಷ್ಟಕ ಮಾಡಿದರು. ಸಾಲುಗಳಲ್ಲಿ ಕೆಳಗಿಂದ ಮೇಲಕ್ಕೆ, ಹಾಕಿದ ಹಣ ಮತ್ತು ಶ್ರಮ, ಕೈಗೆ ಸಿಕ್ಕ ಔಟ್‌ಪುಟ್, ಅದರ ಉದ್ದೇಶ (ಈಗ ಔಟ್‌ಕಮ್ ಅನ್ನುವುದು ಇದನ್ನೇ), ಎಲ್ಲಕ್ಕಿಂತ ಮೇಲೆ ದೊಡ್ಡ ಗುರಿ. ಕಂಬಗಳಲ್ಲಿ, ಏನು, ಹೇಗೆ ಅಳೆಯುತ್ತೀರಿ, ಪುರಾವೆ ಎಲ್ಲಿದೆ, ಯಾವುದನ್ನು ನಂಬಿಕೊಂಡು ಹೊರಟಿದ್ದೀರಿ. ನಂತರ ಬಂದವರು ಹೆಸರು ಬದಲಿಸಿದರು, ಖಾನೆ ಹೆಚ್ಚಿಸಿದರು, ಆದರೆ ಎಲುಬುಗೂಡು ಅದೇ ಉಳಿದಿದೆ. ನಿಮ್ಮ 14 ವಿಭಾಗಗಳನ್ನು ಒಮ್ಮೆ ಈ ಕಣ್ಣಿನಿಂದ ನೋಡಿ, ಅರ್ಧಕ್ಕಿಂತ ಜಾಸ್ತಿ ಇದರೊಳಗೇ ಕೂರುತ್ತವೆ.

ಒಂದು ಸುಲಭದ ಪರೀಕ್ಷೆ ಇದೆ. ಒಂದು ವಾಕ್ಯ ತಗೊಂಡು, ಅದರ ಕರ್ತೃ ಯಾರು ಅಂತ ಕೇಳಿ. ‘ನಾವು ತರಬೇತಿ ನಡೆಸಿದೆವು’ ಅಂದರೆ ಕರ್ತೃ ನೀವು, ಅದು ಚಟುವಟಿಕೆ. ‘47 ಜನ ತರಬೇತಿ ಮುಗಿಸಿದರು’ ಅಂದರೆ ನಿಮ್ಮ ಕೆಲಸದಿಂದ ನೇರವಾಗಿ ಕೈಗೆ ಸಿಕ್ಕಿದ್ದು, ಔಟ್‌ಪುಟ್. ‘ತರಬೇತಿ ಪಡೆದವರು ಈಗ ದಿನದ ಲೆಕ್ಕ ಕಂಪ್ಯೂಟರಿನಲ್ಲೇ ಇಡುತ್ತಿದ್ದಾರೆ’ ಅಂದರೆ ನೀವು ಪಕ್ಕದಲ್ಲಿಲ್ಲದಾಗಲೂ ಅವರು ತಾವಾಗಿ ಮಾಡುತ್ತಿರುವುದು. ಅದು ಔಟ್‌ಕಮ್. ಹತ್ತರಲ್ಲಿ ಒಂಬತ್ತು ಸಲ ಈ ಪರೀಕ್ಷೆ ಸಾಕಾಗುತ್ತದೆ.

ಈಗ ಕೆಲಸಕ್ಕೆ ಬರೋಣ. ನಿಮ್ಮಂಥವರ ಫೀಲ್ಡ್ ನೋಟ್ಸ್ ಸಾಮಾನ್ಯವಾಗಿ ಹೀಗಿರುತ್ತದೆ (ಇದು ನಾನು ಉದಾಹರಣೆಗೆ ಕಟ್ಟಿದ್ದು): ‘ಎರಡು ಬ್ಯಾಚ್ ಆಯ್ತು. 60 ಜನ ಬರಬೇಕಿತ್ತು, 47 ಜನ ಬಂದ್ರು. ಹಾಲ್ ಸಿಗದೆ ಎರಡನೇ ಬ್ಯಾಚ್ 2 ವಾರ ಮುಂದೆ ಹೋಯ್ತು, ಅಷ್ಟರಲ್ಲಿ ಕೆಲವರಿಗೆ ಬೇರೆ ಕೆಲಸ. ಬಂದವರಲ್ಲಿ ಸುಮಾರು ಜನ ಈಗ ಲೆಕ್ಕ ಕಂಪ್ಯೂಟರಲ್ಲೇ ಬರೀತಿದ್ದಾರೆ. ಎಲ್ಲರಿಗೂ ಖುಷಿ.’

ಇದನ್ನು ಹಾಗೇ ಟೆಂಪ್ಲೇಟ್‌ಗೆ ಹಾಕಬೇಡಿ. ಮೊದಲು ಒಡೆಯಿರಿ. 2 ಬ್ಯಾಚ್ ನಡೆದದ್ದು ಚಟುವಟಿಕೆ. ಗುರಿ 60, ಆದದ್ದು 47, ಅಂದರೆ ಶೇ 78, ಇದು ಔಟ್‌ಪುಟ್. ಹಾಲ್ ಸಿಗದ್ದು ಆಗಿಹೋದ ಸಮಸ್ಯೆ. 2 ವಾರದ ವಿಳಂಬ ಅದರ ಪರಿಣಾಮ, ವೇಳಾಪಟ್ಟಿ ವಿಭಾಗಕ್ಕೆ ಹೋಗಬೇಕು. ವಿಳಂಬದಿಂದ ಜನ ಕಡಿಮೆಯಾದದ್ದು 47ಕ್ಕೆ ಕಾರಣ, ಅದು ಆ ಅಂಕಿಯ ಪಕ್ಕದಲ್ಲೇ ಇರಬೇಕು, ದೂರದ ‘ಸವಾಲುಗಳು’ ವಿಭಾಗದಲ್ಲಿ ಮಾತ್ರ ಇದ್ದರೆ ಔಟ್‌ಪುಟ್ ಓದುವವರಿಗೆ ಸಿಗುವುದಿಲ್ಲ. ಮುಂದಿನ ಬ್ಯಾಚ್‌ಗೂ ಹಾಲ್ ಸಿಗದೇ ಹೋಗಬಹುದು ಅನ್ನುವುದು ರಿಸ್ಕ್. ಹಾಲ್ ಗಟ್ಟಿಯಾದ ಮೇಲೇ ದಿನಾಂಕ ಹೇಳಬೇಕು ಅನ್ನುವುದು ಕಲಿತ ಪಾಠ. ‘ಸುಮಾರು ಜನ’ ಅನ್ನುವುದು ಯಾವ ಖಾನೆಗೂ ಹೋಗುವ ಹಾಗಿಲ್ಲ, ಯಾಕಂದರೆ ಅದು ಅಂಕಿಯಲ್ಲ. ಫೋನ್ ಮಾಡಿ, ಇಲ್ಲಾ ಹೋಗಿ ನೋಡಿ. 47ರಲ್ಲಿ 31 ಜನ ಅಂತ ಗೊತ್ತಾದರೆ, ಯಾವ ದಿನಾಂಕಕ್ಕೆ, ಯಾರು ನೋಡಿದ್ದು ಅಂತ ಸೇರಿಸಿದರೆ, ಅದೇ ನಿಮ್ಮ ಔಟ್‌ಕಮ್. ‘ಎಲ್ಲರಿಗೂ ಖುಷಿ’ ಬಿಟ್ಟುಬಿಡಿ. ಒಬ್ಬರು ಹೇಳಿದ ಒಂದು ಮಾತು ಅವರ ಒಪ್ಪಿಗೆಯೊಂದಿಗೆ ಇದ್ದರೆ, ಅದನ್ನು ಬೇಕಾದರೆ ಇಡಿ.

ನೋಡಿ, ಐದಾರು ಸಾಲಿನ ನೋಟ್ಸ್‌ನಲ್ಲಿ ಏಳೆಂಟು ಬೇರೆ ಬೇರೆ ವಿಷಯ ಇತ್ತು. ಇವನ್ನು ಒಂದು ಸ್ಪ್ರೆಡ್‌ಶೀಟ್‌ನಲ್ಲಿ ಒಂದು ವಿಷಯಕ್ಕೆ ಒಂದು ಸಾಲು ಅಂತ ಬರೆಯಿರಿ. ಕಂಬಗಳು ಇಷ್ಟು ಸಾಕು: ಏನಾಯಿತು, ದಿನಾಂಕ, ಅಂಕಿ, ಯೂನಿಟ್, ಗುರಿ ಎಷ್ಟಿತ್ತು, ಪುರಾವೆ ಎಲ್ಲಿದೆ, ಟೆಂಪ್ಲೇಟ್‌ನ ಯಾವ ವಿಭಾಗ. ಕೊನೆಯ ಕಂಬದಲ್ಲಿ ಒಂದೇ ವಿಭಾಗದ ನಂಬರ್ ಬರೆಯಬೇಕು. ಪ್ರತಿ ವಿಷಯಕ್ಕೂ ಒಂದೇ ಮನೆ. ಬೇರೆ ವಿಭಾಗದಲ್ಲಿ ಅದು ಬೇಕೇ ಬೇಕು ಅನ್ನಿಸಿದರೆ ಅಲ್ಲಿ ಅಂಕಿ ಮಾತ್ರ ಒಂದು ಸಾಲಿನಲ್ಲಿ ಬರಲಿ, ವಿವರಣೆ ಮನೆಯಲ್ಲೇ ಇರಲಿ. ನೀವು ಹೇಳಿದ ‘ಒಂದೇ ವಿಷಯ ನಾಲ್ಕು ಕಡೆ’ ಇಲ್ಲಿಗೆ ನಿಲ್ಲುತ್ತದೆ. ಯಾವ ವಿಭಾಗಕ್ಕೆ ನಿಜವಾಗಲೂ ಏನೂ ಇಲ್ಲ ಅನ್ನುವುದೂ ಬರೆಯುವ ಮೊದಲೇ ಕಣ್ಣಿಗೆ ಬೀಳುತ್ತದೆ, ಪುರಾವೆ ತರಿಸಲು ಟೈಮ್ ಇರುವಾಗಲೇ.

ಯೂನಿಟ್ ಕಂಬ ಯಾಕೆ ಅಂತ ಕೇಳಬಹುದು. 1999ರಲ್ಲಿ ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ನೌಕೆ ಮಂಗಳದ ಹತ್ತಿರ ಹೋಗಿ ಕಳೆದುಹೋಯಿತು. ಒಂದು ತಂಡದ ಸಾಫ್ಟ್‌ವೇರ್ ಅಂಕಿಗಳನ್ನು ಪೌಂಡ್ ಲೆಕ್ಕದಲ್ಲಿ ಕೊಟ್ಟಿತ್ತು, ಇನ್ನೊಂದು ಕಡೆ ಅವನ್ನು ನ್ಯೂಟನ್ ಅಂದುಕೊಂಡು ಬಳಸಿದ್ದರು. ಅಂಕಿ ಇತ್ತು, ಖಾನೆ ತುಂಬಿತ್ತು, ಯೂನಿಟ್ ಒಂದೇ ಅಂತ ಎರಡೂ ಕಡೆ ಸುಮ್ನೆ ನಂಬಿದ್ದರು. ನಿಮ್ಮ ವರದಿಯಲ್ಲಿ ಇದೇ ತಪ್ಪು ‘ಫಲಾನುಭವಿಗಳು 120’ ಅನ್ನುವ ರೂಪದಲ್ಲಿ ಬರುತ್ತದೆ. 120 ಜನವೋ, 120 ಹಾಜರಿಯೋ? ಒಬ್ಬರೇ ಮೂರು ತರಬೇತಿಗೆ ಬಂದರೆ ಅದು 3 ಹಾಜರಿ, 1 ವ್ಯಕ್ತಿ. ನಿಮ್ಮ ‘ಅಂಕಿಗಳು ತಾಳೆಯಾಗುತ್ತಿಲ್ಲ’ ಅನ್ನುವುದಕ್ಕೆ ಇದೇ ಕಾರಣ ಇರುವ ಸಾಧ್ಯತೆ ಜಾಸ್ತಿ.

ಇನ್ನೊಂದು ಕಾರಣ ದಿನಾಂಕ. ಕಾರ್ಯಕ್ರಮದ ಭಾಗವನ್ನು ನೀವು ಬರೆಯುವ ದಿನದವರೆಗೂ ಸೇರಿಸುತ್ತೀರಿ, ಲೆಕ್ಕದವರು ತಿಂಗಳ ಕೊನೆಗೇ ನಿಲ್ಲಿಸಿರುತ್ತಾರೆ. ತರಬೇತಿ ಮೂರು ಕಾಣುತ್ತದೆ, ಖರ್ಚು ಎರಡರದ್ದು ಮಾತ್ರ. ಓದುವವರಿಗೆ ಅನುಮಾನ ಬರುವುದು ಸಹಜ. ಒಂದು ಕಟ್-ಆಫ್ ದಿನಾಂಕ ಇಟ್ಟುಕೊಳ್ಳಿ, ಲೆಕ್ಕದವರ ಜೊತೆ ಕೂತು ಅದನ್ನು ಒಪ್ಪಿಕೊಳ್ಳಿ, ವರದಿಯ ಮೊದಲಲ್ಲೇ ಬರೆಯಿರಿ. ಆ ದಿನಾಂಕದ ನಂತರ ಆದದ್ದು ಎಷ್ಟೇ ಚೆನ್ನಾಗಿದ್ದರೂ ಮುಂದಿನ ವರದಿಗೆ.

ಖಾಲಿ ವಿಭಾಗ ತೆಗೆಯಬಹುದಾ ಅಂದರೆ, ತೆಗೆಯಬೇಡಿ. ಶೀರ್ಷಿಕೆ, ನಂಬರ್, ಕೋಷ್ಟಕದ ಕಂಬ ಯಾವುದನ್ನೂ ಮುಟ್ಟಬೇಡಿ. ಆ ಕಡೆ ಯಾರೋ ಎಲ್ಲಾ ವರದಿಗಳ ಒಂಬತ್ತನೇ ವಿಭಾಗವನ್ನು ಒಟ್ಟು ಮಾಡುತ್ತಿರುತ್ತಾರೆ, ನಿಮ್ಮ ಒಂಬತ್ತು ಅವರ ಹತ್ತಾದರೆ ನಿಮ್ಮ ಮಾಹಿತಿ ತಪ್ಪು ಜಾಗಕ್ಕೆ ಹೋಗುತ್ತದೆ. ಆದರೆ ಖಾಲಿ ಖಾನೆ ಅಂದರೆ ಕೆಲಸ ಆಗಿಲ್ಲ ಅಂತ ಅರ್ಥ, ಅದಕ್ಕೆ ಏನಾದರೂ ತುಂಬಿಸಲೇಬೇಕು ಅನ್ನುವುದೂ ತಪ್ಪು ನಂಬಿಕೆ. ಖಾಲಿಯಲ್ಲಿ ಮೂರು ಬಗೆ ಇದೆ. ನಮ್ಮ ಪ್ರಾಜೆಕ್ಟ್‌ಗೆ ಇದು ಅನ್ವಯಿಸುವುದೇ ಇಲ್ಲ. ಅನ್ವಯಿಸುತ್ತದೆ, ಈ ಅವಧಿಯಲ್ಲಿ ಏನೂ ಆಗಿಲ್ಲ. ಆಗಿದೆ, ಮಾಹಿತಿ ಇನ್ನೂ ಕೈಗೆ ಬಂದಿಲ್ಲ. ಈ ಮೂರರಲ್ಲಿ ಯಾವುದು ಅಂತ ಒಂದು ವಾಕ್ಯದಲ್ಲಿ ಹೇಳಿ, ಮೂರನೆಯದಾದರೆ ಯಾವಾಗ ಬರುತ್ತದೆ ಅಂತಲೂ ಹೇಳಿ. ಅಂಕಿಯ ಖಾನೆಯಲ್ಲಂತೂ ಸೊನ್ನೆ ಮತ್ತು ಖಾಲಿ ಬೇರೆ ಬೇರೆ. ಎಣಿಸಿ ಏನೂ ಸಿಗದಿದ್ದರೆ 0. ಎಣಿಸಿಯೇ ಇಲ್ಲದಿದ್ದರೆ ‘ಮಾಹಿತಿ ಇಲ್ಲ’. ಇದನ್ನು ಕಲಸಿದರೆ ಅವರ ಸರಾಸರಿಯೇ ಕೆಡುತ್ತದೆ.

ಪದಮಿತಿಯ ಬಗ್ಗೆಯೂ ಒಂದು ನಂಬಿಕೆ ಓಡಾಡುತ್ತಿದೆ, 300 ಪದ ಕೊಟ್ಟರೆ 300 ಬರೆಯಲೇಬೇಕು ಅಂತ. ಮಿತಿ ಅಂದರೆ ಗೋಡೆ, ಅಲ್ಲಿಯವರೆಗೂ ಹೋಗಿ ಮುಟ್ಟಬೇಕಾಗಿಲ್ಲ. 110 ಪದದಲ್ಲಿ ಮುಗಿದರೆ ಮುಗಿಯಿತು. ಇಲ್ಲೇ ಒಂದು ಮಾತು, ಆನ್‌ಲೈನ್ ಫಾರ್ಮ್‌ನಲ್ಲಿ ಕನ್ನಡದಲ್ಲಿ ತುಂಬುವವರಿಗೆ: ಮಿತಿ ಪದಗಳದ್ದಲ್ಲದೆ ಕ್ಯಾರೆಕ್ಟರ್‌ಗಳದ್ದಾಗಿದ್ದರೆ ಹುಷಾರು. ‘ಸ್ತ್ರೀ’ ನಮ್ಮ ಕಣ್ಣಿಗೆ ಒಂದು ಅಕ್ಷರ, ಕಂಪ್ಯೂಟರ್ ಅಕ್ಷರಗಳನ್ನು ಗುರುತಿಸುವ ಯೂನಿಕೋಡ್‌ನಲ್ಲಿ ಅದು 6 ಸಂಕೇತ. ಬಹಳಷ್ಟು ಫಾರ್ಮ್‌ಗಳು 6 ಅಂತಲೇ ಎಣಿಸುತ್ತವೆ. ಮೊದಲು ಒಂದು ಪ್ಯಾರಾ ಅಂಟಿಸಿ ನೋಡಿ, ಎಷ್ಟು ಹಿಡಿಯುತ್ತದೆ ಅಂತ ತಿಳಿದುಕೊಂಡು ಬರೆಯಿರಿ. ಹಳೆಯ, ಯೂನಿಕೋಡ್ ಅಲ್ಲದ ಫಾಂಟ್‌ನಲ್ಲಿ ಟೈಪ್ ಮಾಡಿದ್ದನ್ನು ಅಂಟಿಸಿದರೆ ಅಲ್ಲಿ ಬರೀ ಚಿತ್ರವಿಚಿತ್ರ ಗುರುತು ಬರುತ್ತದೆ, ಮೊದಲೇ ಪರಿವರ್ತಿಸಿಕೊಳ್ಳಿ.

ಇನ್ನು ಗುರಿ ಮುಟ್ಟದ್ದನ್ನು ಬರೆಯುವ ಭಯ. ಈ ಭಯ ನನಗೆ ಅರ್ಥವಾಗುತ್ತದೆ, ಮುಂದಿನ ಕಂತಿನ ಮೇಲೆ ನಿಮ್ಮ ಸಹೋದ್ಯೋಗಿಗಳ ಸಂಬಳ ನಿಂತಿರುತ್ತದೆ. ಆದರೆ ಓದುವ ಕಡೆ ಕೂತು ಹೇಳುತ್ತೇನೆ: ಶೇ 78 ಅಂತ ನೋಡಿ ಯಾರೂ ಬೆಚ್ಚಿಬೀಳುವುದಿಲ್ಲ. ಹೋದ ಮೂರು ವರದಿಯಲ್ಲಿ ‘ಎಲ್ಲಾ ಸರಿಯಾಗಿದೆ’ ಅಂತಿದ್ದು, ನಾಲ್ಕನೆಯದರಲ್ಲಿ ಇದ್ದಕ್ಕಿದ್ದಂತೆ ‘ಅರ್ಧ ಮಾತ್ರ ಆಗಿದೆ’ ಅಂದರೆ ಬೆಚ್ಚಿಬೀಳುತ್ತಾರೆ. ಇಂಥ ಪ್ರಾಜೆಕ್ಟ್‌ಗಳಿಗೆ ನಮ್ಮ ಕ್ಷೇತ್ರದವರು ಕಲ್ಲಂಗಡಿ ಅಂತಲೇ ಹೆಸರಿಟ್ಟಿದ್ದಾರೆ, ಹೊರಗೆ ಹಸಿರು, ಕೊಯ್ದರೆ ಒಳಗೆಲ್ಲಾ ಕೆಂಪು. ನಿಮ್ಮ ಟೆಂಪ್ಲೇಟ್‌ನಲ್ಲಿ ಹಸಿರು, ಹಳದಿ, ಕೆಂಪು ಬಣ್ಣದ ಖಾನೆ ಇದ್ದರೆ ಯಾವುದಕ್ಕೆ ಯಾವ ಬಣ್ಣ ಅಂತ ಮೊದಲೇ ಬರೆದುಕೊಳ್ಳಿ. ಉದಾಹರಣೆಗೆ ಗುರಿಯ ಶೇ 90ಕ್ಕಿಂತ ಮೇಲೆ ಹಸಿರು, 70ರಿಂದ 90 ಹಳದಿ, ಅದಕ್ಕಿಂತ ಕೆಳಗೆ ಕೆಂಪು. ದಾನಿಯ ಹತ್ತಿರ ಅವರದ್ದೇ ನಿಯಮ ಇದ್ದರೆ ಅದನ್ನೇ ಹಿಡಿಯಿರಿ. ಪ್ರಿನ್ಸ್2 ಅನ್ನುವ ಪ್ರಾಜೆಕ್ಟ್ ಪದ್ಧತಿಯಲ್ಲಿ ಇದಕ್ಕೆ ಒಳ್ಳೆಯ ಏರ್ಪಾಡಿದೆ: ಎಷ್ಟು ಏರುಪೇರು ಸಹಿಸಬಹುದು ಅಂತ ಮೊದಲೇ ಒಪ್ಪಿಕೊಳ್ಳುತ್ತಾರೆ, ಅದು ಮೀರುವ ಲಕ್ಷಣ ಕಂಡ ಕೂಡಲೇ ಬೇರೆಯೇ ಒಂದು ವರದಿ ಹೋಗುತ್ತದೆ. ಮೀರಿದ ಮೇಲಲ್ಲ, ಮೀರುವ ಲಕ್ಷಣ ಕಂಡಾಗ. ನೀವೂ ಹಾಗೇ ಮಾಡಿ. ಗುರಿ ತಪ್ಪುವ ಹಾಗಿದ್ದರೆ ವರದಿಯವರೆಗೂ ಕಾಯಬೇಡಿ, ಒಂದು ಮೇಲ್ ಹಾಕಿ. ವರದಿಯಲ್ಲಿ ಗುರಿ, ಆದದ್ದು, ಕಾರಣ, ಈಗ ಏನು ಮಾಡುತ್ತಿದ್ದೀರಿ, ಯಾವಾಗ ಸರಿಹೋಗುತ್ತದೆ, ಈ ಐದೂ ಒಟ್ಟಿಗೆ ಒಂದೇ ಖಾನೆಯಲ್ಲಿ ಇರಲಿ.

‘ಶೇ 90 ಮುಗಿದಿದೆ’ ಅನ್ನುವ ಸಾಲು ಬರೆಯುವಾಗಲೂ ಎಚ್ಚರ. ಒಂದೇ ಕೆಲಸ ತಿಂಗಳುಗಟ್ಟಲೆ ಶೇ 90ರಲ್ಲೇ ನಿಂತಿರುವುದನ್ನು ಬೇಕಾದಷ್ಟು ನೋಡಿದ್ದೇನೆ. ಮುಗಿದರೆ 100, ಇಲ್ಲದಿದ್ದರೆ 0 ಅಂತ ಎಣಿಸುವ ರೂಢಿ ಇದೆ. ಶುರುವಾದಾಗ 50, ಮುಗಿದಾಗ ಉಳಿದ 50 ಅನ್ನುವ ರೂಢಿಯೂ ಇದೆ. ಯಾವುದಾದರೂ ಒಂದು ಹಿಡಿಯಿರಿ, ಪ್ರಾಜೆಕ್ಟ್ ಪೂರ್ತಿ ಅದನ್ನೇ ಬಳಸಿ.

ಸಾರಾಂಶ ಟೆಂಪ್ಲೇಟ್‌ನಲ್ಲಿ ಮೊದಲು ಇದೆ ಅಂತ ಮೊದಲು ಬರೆಯಬೇಡಿ. ಕೊನೆಗೆ ಬರೆಯಿರಿ. ಮತ್ತೆ, ಅಲ್ಲಿ ಯಾವ ವಾಕ್ಯ ಮೇಲೆ ಬರುತ್ತದೆ ಅನ್ನುವುದರ ಬಗ್ಗೆ ತುಂಬಾ ಯೋಚನೆ ಮಾಡಿ. ಇದರ ಬಗ್ಗೆ ನಾನು ಯಾಕಿಷ್ಟು ಒತ್ತಿ ಹೇಳುತ್ತೇನೆ ಅಂದರೆ, 2003ರ ಫೆಬ್ರವರಿ 1ರಂದು ಕೊಲಂಬಿಯಾ ನೌಕೆ ಛಿದ್ರವಾಗಿ ಕಲ್ಪನಾ ಚಾವ್ಲಾ ಸೇರಿ 7 ಜನ ತೀರಿಕೊಂಡರಲ್ಲ, ಅದರ ತನಿಖಾ ವರದಿಯಲ್ಲಿ ಒಂದು ಸ್ಲೈಡ್‌ನ ಚರ್ಚೆ ಇದೆ. ನೌಕೆ ಇನ್ನೂ ಮೇಲೆ ಸುತ್ತುತ್ತಿರುವಾಗಲೇ ಎಂಜಿನಿಯರುಗಳು ತಯಾರಿಸಿದ್ದು. ಉಡಾವಣೆ ವೇಳೆ ರೆಕ್ಕೆಗೆ ಬಡಿದ ಫೋಮ್ ತುಂಡು ಎಷ್ಟು ಅಪಾಯ ಅನ್ನುವುದು ವಿಷಯ. ಸ್ಲೈಡ್‌ನ ಶೀರ್ಷಿಕೆ ಓದಿದರೆ ಭಯಪಡುವಂಥದ್ದೇನೂ ಇಲ್ಲ ಅನ್ನಿಸುತ್ತಿತ್ತು. ಎಲ್ಲಕ್ಕಿಂತ ಕೆಳಗೆ, ಒಳಗೊಳಗೆ ಸರಿದ ಚಿಕ್ಕ ಸಾಲಿನಲ್ಲಿ ಇದ್ದದ್ದು ಇದು: ಪರೀಕ್ಷೆಯಲ್ಲಿ ಬಳಸಿದ ತುಂಡು 3 ಘನ ಇಂಚು, ಇಲ್ಲಿ ಬಡಿದದ್ದರ ಅಂದಾಜು 1920 ಘನ ಇಂಚು. 640 ಪಟ್ಟು. ಅಂದರೆ ಹಿಂದಿನ ಪರೀಕ್ಷೆಗಳು ಈ ಸಂದರ್ಭಕ್ಕೆ ಲೆಕ್ಕಕ್ಕೇ ಬರುವುದಿಲ್ಲ. ಮಾಹಿತಿ ಮುಚ್ಚಿಟ್ಟಿರಲಿಲ್ಲ, ಪುಟದ ಮೇಲೇ ಇತ್ತು. ಇರಬೇಕಾದ ಜಾಗದಲ್ಲಿರಲಿಲ್ಲ. ನಿಮ್ಮ ಸ್ಪ್ರೆಡ್‌ಶೀಟ್‌ನಲ್ಲಿ ಯಾವ ಸಾಲು ಓದಿದರೆ ದಾನಿ ತಮ್ಮ ನಿರ್ಧಾರ ಬದಲಿಸಬಹುದೋ, ಆ ಸಾಲು ಸಾರಾಂಶದ ಮೊದಲ ಎರಡು ವಾಕ್ಯದಲ್ಲಿ ಬರಬೇಕು, ಅದು ಒಳ್ಳೆಯ ಸುದ್ದಿಯಾಗಲಿ ಕೆಟ್ಟದ್ದಾಗಲಿ.

ಎರಡು ದಾನಿಗಳ ಎರಡು ಟೆಂಪ್ಲೇಟ್. ನಿಮ್ಮ ಮುಂದೆ ಮೂರು ದಾರಿ ಇದೆ. ಒಂದನ್ನು ಬರೆದು ಅದರಿಂದ ಇನ್ನೊಂದಕ್ಕೆ ಕಾಪಿ ಮಾಡುವುದು ಬೇಗ ಆಗುತ್ತದೆ, ಆದರೆ ಒಬ್ಬರ ಹೆಸರು, ಅವಧಿ, ಗುರಿ ಇನ್ನೊಬ್ಬರ ವರದಿಯಲ್ಲಿ ಉಳಿದುಹೋಗುತ್ತದೆ, ಇದು ನಿಜಕ್ಕೂ ಆಗುವಂಥದ್ದು ಮತ್ತು ನಂಬಿಕೆಗೆ ದೊಡ್ಡ ಪೆಟ್ಟು. ಎರಡನ್ನೂ ಬೇರೆ ಬೇರೆಯಾಗಿ ಮೊದಲಿಂದ ಬರೆದರೆ ಎರಡು ಪಟ್ಟು ಕೆಲಸ, ಅಂಕಿಗಳೂ ಬೇರೆ ಬೇರೆ ಬರುತ್ತವೆ. ನಾನು ಹೇಳುವುದು ಮೂರನೆಯದು: ಮೇಲೆ ಹೇಳಿದ ಸ್ಪ್ರೆಡ್‌ಶೀಟ್ ಒಂದೇ ಇರಲಿ, ಎರಡನೇ ಟೆಂಪ್ಲೇಟ್‌ನ ವಿಭಾಗದ ನಂಬರ್‌ಗೆ ಇನ್ನೊಂದು ಕಂಬ ಸೇರಿಸಿ. ಇದರಲ್ಲೂ ಒಂದು ಅಪಾಯ ಇದೆ. ಇಬ್ಬರ ವ್ಯಾಖ್ಯೆ ಬೇರೆ ಇರಬಹುದು. ಒಬ್ಬರಿಗೆ ಮೊದಲ ದಿನ ಬಂದವರೆಲ್ಲಾ ‘ತರಬೇತಿ ಪಡೆದವರು’, ಇನ್ನೊಬ್ಬರಿಗೆ ಶೇ 80 ಹಾಜರಿ ಇದ್ದವರು ಮಾತ್ರ. ಆಗ ಒಂದೇ ತರಬೇತಿಗೆ 47 ಮತ್ತು 41 ಎರಡೂ ಸರಿಯೇ. ಪ್ರತಿ ಅಂಕಿಯ ಕೆಳಗೆ ಹೇಗೆ ಎಣಿಸಿದ್ದು ಅಂತ ಒಂದು ಸಾಲು ಬರೆದರೆ ನಾಳೆ ಯಾರಾದರೂ ಎರಡನ್ನೂ ಹೋಲಿಸಿದಾಗ ನೀವು ತಡವರಿಸಬೇಕಾಗುವುದಿಲ್ಲ.

ಟೆಂಪ್ಲೇಟ್ ನಿಮ್ಮ ಕೆಲಸಕ್ಕೆ ನಿಜವಾಗಲೂ ಹೊಂದದೇ ಇರುವುದೂ ಉಂಟು. ಆಗ ಖಾನೆಯೊಳಗೆ ತುರುಕುವ ಬದಲು ಒಂದು ಪುಟದ ಅನುಬಂಧ ಹಾಕಿ, ಖಾನೆಯಿಂದ ಅದಕ್ಕೆ ದಾರಿ ತೋರಿಸಿ. ಆದರೆ ಅನುಬಂಧವನ್ನು ಬಹಳ ಜನ ತೆರೆಯುವುದೇ ಇಲ್ಲ, ಮುಖ್ಯ ಅಂಕಿ ಖಾನೆಯಲ್ಲೇ ಇರಲಿ. ಬದಲಾವಣೆ ಬೇಕು ಅಂತ ದಾನಿಯನ್ನೇ ಕೇಳಬಹುದು, ಕೇಳಿದರೆ ಬೇಜಾರು ಮಾಡಿಕೊಳ್ಳುತ್ತಾರೆ ಅನ್ನುವುದು ನಿಮ್ಮ ಕಲ್ಪನೆ. ಕೇಳುವ ಹೊತ್ತು ಮಾತ್ರ ಮುಖ್ಯ. ಅವಧಿಯ ಶುರುವಿನಲ್ಲಿ ಕೇಳಿದರೆ ಖುಷಿಯಿಂದ ಮಾತಾಡುತ್ತಾರೆ, ಗಡುವಿನ ಹಿಂದಿನ ದಿನ ಕೇಳಿದರೆ ನೆಪ ಅನ್ನಿಸುತ್ತದೆ.

ಎಐ ಟೂಲ್ ವಿಷಯ. ಉದ್ದ ನೋಟ್ಸ್ ಒಡೆಯಲು, ಯಾವ ಸಾಲು ಯಾವ ವಿಭಾಗಕ್ಕೆ ಅಂತ ಮೊದಲ ಸುತ್ತಿನಲ್ಲಿ ವಿಂಗಡಿಸಲು, 400 ಪದವನ್ನು 250ಕ್ಕೆ ಇಳಿಸಲು ಅದು ನಿಜಕ್ಕೂ ಉಪಯೋಗ. ಖಾಲಿ ಟೆಂಪ್ಲೇಟ್ ಕೊಟ್ಟು ‘ತುಂಬು’ ಅನ್ನಬೇಡಿ. ಖಾನೆ ಖಾಲಿ ಬಿಡಲು ಅದಕ್ಕೆ ಮನಸ್ಸು ಬರುವುದಿಲ್ಲ, ನಿಮ್ಮ ಹತ್ತಿರ ಇಲ್ಲದ ಅಂಕಿ, ಆಗದ ಪರಿಣಾಮ ಬರೆದುಕೊಡುತ್ತದೆ, ಓದಲು ಚೆನ್ನಾಗಿಯೂ ಇರುತ್ತದೆ. ಸಹಿ ನಿಮ್ಮದು. ತರಬೇತಿಗೆ ಬಂದವರ ಹೆಸರು, ಫೋನ್ ನಂಬರ್ ಇರುವ ಪಟ್ಟಿಯನ್ನು ಅದಕ್ಕೆ ಹಾಕಲೇಬೇಡಿ, ಅವರು ಕೊಟ್ಟದ್ದು ನಿಮ್ಮನ್ನು ನಂಬಿ. ಟೂಲ್ ಬರೆದುಕೊಟ್ಟ ಪ್ರತಿ ಅಂಕಿಯನ್ನೂ ಸ್ಪ್ರೆಡ್‌ಶೀಟ್‌ನ ಸಾಲಿಗೆ ತಾಳೆ ನೋಡಿ, ಸಾಲು ಸಿಗದಿದ್ದರೆ ಆ ವಾಕ್ಯ ಹೊಡೆದುಹಾಕಿ.

ಎಲ್ಲಾ ಮುಗಿದ ಮೇಲೆ, ಈ ಪ್ರಾಜೆಕ್ಟ್‌ನಲ್ಲಿ ಇಲ್ಲದ ಒಬ್ಬ ಸಹೋದ್ಯೋಗಿಯನ್ನು ಕರೆಯಿರಿ. ಪೂರ್ತಿ ಓದಿ ಅನ್ನಬೇಡಿ, ಅವರಿಗೂ ಪುರುಸೊತ್ತು ಇರುವುದಿಲ್ಲ. ಔಟ್‌ಕಮ್ ವಿಭಾಗ ಒಂದನ್ನು ಮಾತ್ರ ಕೊಡಿ, ಓದಿ ಏನು ಬದಲಾಯಿತು ಅಂತ ಬಾಯಿಮಾತಲ್ಲಿ ಹೇಳಲು ಕೇಳಿ. ಅವರು ‘ಎರಡು ತರಬೇತಿ ಮಾಡಿದ್ದೀರಿ’ ಅಂದರೆ ಅಲ್ಲಿ ಇನ್ನೂ ಚಟುವಟಿಕೆಯೇ ಇದೆ ಅಂತ ತಿಳಿದುಕೊಂಡು, ಆ ವಿಭಾಗ ಒಂದನ್ನು ಮತ್ತೆ ಬರೆದು ಕಳಿಸಿ.